ಬಲಗೈಗೆ ಎಡಗಣ್ಣು

ಮಾವ ತೀರಿಕೊಂಡ ಮೇಲೆ ಅವರ ಬಂದೂಕನ್ನು ಚನ್ನಗಿರಿಯ ಠಾಣೆಗೆ ಒಪ್ಪಿಸಿ ಬಂದೆವು. ಲೈಸೆನ್ಸು ಅವರ ಹೆಸರಲ್ಲಿತ್ತು. ಮನೆಯವರಲ್ಲಿ ಯಾರಾದರೂ ತರಬೇತಿ ಮುಗಿಸಿ, ಗುಂಡು ಹೊಡೆಯುವ ಪರೀಕ್ಷೆ ಪಾಸಾಗಿ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಸರ್ಕಾರದ ಪಾಲು. ಅಡಿಕೆ ಒಣಗುವ ಕಾಲಕ್ಕೆ ಕಣದ ಕಾವಲಿಗೆ ಅಂತ ಮಾವ ಇಟ್ಟುಕೊಂಡಿದ್ದ ಬಂದೂಕು ಅದು. ಅತ್ತೆಗೆ ಸಮಾಧಾನವೇ ಇಲ್ಲ. "ಅವರ ಕೋಲು ಮನ್ಯಾಗೈತೆ, ಚಪ್ಲಿ ಮನ್ಯಾಗೈತೆ. ಅದೊಂದು ಯಾಕೆ ಹೊರಗಿರಬೇಕು?" ಅನ್ನೋರು.

ನಮ್ಮ ಯಜಮಾನರು ದೀಪಾವಳಿಗೆ ಕಿವಿಗೆ ಹತ್ತಿ ತುರುಕಿಕೊಂಡು ಒಳಮನೆ ಸೇರುವ ಮನುಷ್ಯ. ಹಾಗಾಗಿ ಅತ್ತೆ ನನ್ನ ಕಡೆ ತಿರುಗಿದರು. "ನೀನು ಬಿಳಿಚೋಡು ಊರಿನಾಕೆ. ಬಯಲಾಗೆ ಬೆಳೆದೋರಿಗೆ ದೂರದ್ದು ಚೆಂದಾಗಿ ಕಾಣ್ತೈತೆ. ನೀನೇ ಹೋಗು."

ತರಬೇತಿ ಇದ್ದದ್ದು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯ ಒಂದು ಹಳೆ ಕಲ್ಲು ಕ್ವಾರಿಯಲ್ಲಿ. ಕಲಿಸುವವರು ಸೇನೆಯಿಂದ ನಿವೃತ್ತರಾದ ಹವಾಲ್ದಾರರು. ಬೋರಲು ಮಲಗಿ, ರೈಫಲ್ಲನ್ನು ಬಲ ಭುಜಕ್ಕೆ ಒತ್ತಿ, ಎದುರಿನ ಹಾಳೆಗೆ ಹೊಡೆಯಬೇಕು. ನನ್ನ ಎಡಕ್ಕೆ ಸೊಕ್ಕೆ ಊರಿನ ರೈತರೊಬ್ಬರು ಮಲಗಿದ್ದರು. ಮೊದಲ ದಿನ ಹಾಳೆ ತಂದು ನೋಡಿದರೆ ನನ್ನದು ಅಂಗಡಿಯಿಂದ ತಂದ ಹಾಗೇ ಇತ್ತು. ಸೊಕ್ಕೆಯವರು ತಮ್ಮದನ್ನು ಬಿಸಿಲಿಗೆ ಹಿಡಿದು ಎಣಿಸಿದರು.

"ಅಕ್ಕಾರೆ, ನಾನು ಹೊಡೆದಿದ್ದು ಐದು. ಇಲ್ಲಿ ಎಂಟು ತೂತು ಅದಾವೆ. ನಿಮ್ಮ ಉಪಕಾರ ಮರೆಯಾಕಿಲ್ಲ ಬಿಡ್ರಿ."

ಹವಾಲ್ದಾರರು ನಗಲಿಲ್ಲ. ನನ್ನ ಎರಡೂ ಕೈ ಚಾಚಿಸಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ದೂರದ ಜಾಲಿಮರ ನೋಡಿ ಎಂದರು. ಕಂಡಿತು. ತಮ್ಮ ಟೋಪಿಯಿಂದ ನನ್ನ ಬಲಗಣ್ಣು ಮುಚ್ಚಿದರು. ಮರ ಇದ್ದಲ್ಲೇ ಇತ್ತು. ಎಡಗಣ್ಣು ಮುಚ್ಚಿದರು, ಮರ ಮಾಯ.

"ನೋಡ್ರಿ ತಾಯಿ, ನಿಮ್ಮ ಕೈ ಬಲದ್ದು, ಕಣ್ಣು ಎಡದ್ದು. ಬಂದೂಕಿನ ನಳಿಕೆ ಬಲಗಣ್ಣಿನ ಮುಂದೈತೆ, ಗುರಿ ನೋಡೋದು ಎಡಗಣ್ಣು. ಗುಂಡು ಪಕ್ಕದ ಮನೆಗೆ ಹೋಗದೆ ಇನ್ನೇನು ಮಾಡ್ತೈತೆ?"

ನಲವತ್ತು ದಾಟಿದ ಮೇಲೆ ತಿಳಿದ ಸಂಗತಿ ಇದು. ಸೂಜಿಗೆ ದಾರ ಪೋಣಿಸಿದ್ದು, ಬಾಗಿಲ ಸಂದಿಯಿಂದ ಯಾರು ಬಂದರೆಂದು ಇಣುಕಿದ್ದು ಯಾವ ಕಣ್ಣಿನಿಂದ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ದುಡಿಯುವವಳು ಒಬ್ಬಳು, ನೋಡುವವಳು ಇನ್ನೊಬ್ಬಳು. ಇಬ್ಬರೂ ಜಗಳವಿಲ್ಲದೆ ಇಷ್ಟು ದಿನ ಸಂಸಾರ ಮಾಡಿದ್ದರು.

ಎಡ ಭುಜಕ್ಕೆ ಬದಲಿಸಿ ನೋಡಿದೆ. ಎಡಗೈ ಬೆರಳಿಗೆ ರೈಫಲ್ಲಿನ ಕುದುರೆಯೇ ಸಿಗಲಿಲ್ಲ. ಎಡಗಣ್ಣು ಮುಚ್ಚೋಣವೆಂದರೆ ಅದರ ಜೊತೆ ಬಲದ್ದೂ ಮುಚ್ಚಿಕೊಳ್ಳುತ್ತಿತ್ತು. ಒಂದು ಕಣ್ಣು ಮುಚ್ಚುವ ಹುಡುಗಿಯರಿಗೆ ನಮ್ಮಜ್ಜಿ ತಲೆಗೆ ಕುಟ್ಟುತ್ತಿದ್ದರು, ಹಾಗಾಗಿ ಆ ವಿದ್ಯೆ ಕಲಿತೇ ಇರಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದರೆ ಹಿಂದಿನಿಂದ ಅತ್ತೆ, "ಯಾರಿಗೆ ಕಣ್ಣು ಹೊಡೀತೀಯೆ ಈ ವಯಸ್ಸಿನಾಗೆ? ಅವನಂತೂ ಅಡಿಕೆ ಮಂಡಿಗೆ ಹೋಗ್ಯಾನೆ" ಎಂದರು.

ಕೊನೆಗೆ ಹವಾಲ್ದಾರರು ನನ್ನ ಕನ್ನಡಕದ ಎಡಗಾಜಿನ ನಡುವೆ ಉಗುರಿನಷ್ಟು ಟೇಪು ಅಂಟಿಸಿದರು. ಎರಡೂ ಕಣ್ಣು ತೆರೆದೇ ಇರಲಿ, ಗುರಿ ಮಾತ್ರ ಎಡಗಣ್ಣಿಗೆ ಮರೆಯಾಗಲಿ ಅಂತ. ಬಲಗಣ್ಣು ಹೊಸ ಸೊಸೆಯ ಹಾಗೆ ಅಂಜುತ್ತಾ ಮುಂದೆ ಬಂತು. ದಿನ ಕಳೆದಂತೆ ತೂತುಗಳು ನನ್ನ ಹಾಳೆಯಲ್ಲೇ ಬೀಳತೊಡಗಿದವು.

ಪರೀಕ್ಷೆಯ ದಿನ ಅತ್ತೆಯೂ ಬಂದರು. ಆ ಬಿಸಿಲಿಗೆ ಮುಖವೆಲ್ಲ ಬೆವರು. ಒರೆಸಿಕೊಳ್ಳುವಾಗ ಟೇಪು ಎಲ್ಲಿ ಬಿತ್ತೋ. ನನ್ನ ಸರದಿ ಕೂಗಿದರು. ಹವಾಲ್ದಾರರ ಚೀಲದಲ್ಲಿ ಟೇಪು ಮುಗಿದಿತ್ತು. ಕೈ ತಾನಾಗಿ ಹಣೆಯ ಸ್ಟಿಕ್ಕರ್ ಬೊಟ್ಟಿಗೆ ಹೋಯಿತು, ಅಲ್ಲೇ ನಿಂತಿತು. ಮಾವ ಹೋದ ಮೇಲೆ ಅತ್ತೆಯ ಹಣೆಯಲ್ಲಿ ವಿಭೂತಿ ಮಾತ್ರ. ಅವರ ಕಣ್ಣೆದುರಿಗೆ ನಾನು ಬೊಟ್ಟು ಕೀಳುವುದು ಹೆಂಗೆ?

ಅತ್ತೆ ಹತ್ತಿರ ಬಂದು ನನ್ನ ಕೈ ಸರಿಸಿದರು. ಆಮೇಲೆ ತಾವೇ ಉಗುರಿನಿಂದ ಬೊಟ್ಟು ಎಬ್ಬಿಸಿ, "ಎಲ್ಲಿ ಹಚ್ಚಬೇಕ್ರೀ ಇದನ್ನ?" ಎಂದು ಹವಾಲ್ದಾರರನ್ನು ಕೇಳಿದರು. ಅವರು ತೋರಿಸಿದಲ್ಲಿ ಒತ್ತಿ ಅಂಟಿಸಿದರು. "ಹೋಗು. ಹಣೆಗೆ ಮನೇಲಿ ಬೇರೆ ಅದಾವೆ."

ಪಾಸಾದೆ. ಹೆಚ್ಚೇನಿಲ್ಲ, ಬೇಕಾದಷ್ಟಕ್ಕೆ ಸರಿಯಾಗಿ.

ಚನ್ನಗಿರಿಗೆ ಬಸ್ಸಿಳಿದ ಮೇಲೆ ಅತ್ತೆ ಮನೆ ಕಡೆ ತಿರುಗದೆ ನೇರ ಠಾಣೆಗೆ ನಡೆದರು. ಮೇಜಿನ ಹಿಂದಿದ್ದ ಪೇದೆ ಸರ್ಟಿಫಿಕೇಟು ನೋಡಿ, "ಅಜ್ಜೀ, ಇಷ್ಟಕ್ಕೇ ಕೊಡಾಕೆ ಬರಲ್ಲ. ಮೇಲಿಂದ ಆರ್ಡರ್ ಆಗಬೇಕು, ತಿಂಗಳುಗಟ್ಟಲೆ ಹಿಡೀತೈತೆ" ಎಂದ.

"ಗೊತ್ತಪ್ಪ. ತಗೊಂಡು ಹೋಗಾಕೆ ಬಂದಿಲ್ಲ. ತಗೊಂಡು ಹೋಗೋಳು ಯಾರು ಅಂತ ತೋರ್ಸಾಕೆ ಬಂದೀನಿ."

ಅವನು ತಲೆಯೆತ್ತಿ ನನ್ನ ಬರಿ ಹಣೆಯನ್ನೂ ಕನ್ನಡಕದ ಗಾಜಿನ ಮೇಲಿದ್ದ ಕೆಂಪು ಬೊಟ್ಟನ್ನೂ ನೋಡಿದ. ಎದ್ದು ಎರಡು ಕುರ್ಚಿ ಎಳೆದು ಹಾಕಿದ.