ನಾನು ಒತ್ತಿದ ನಗುವ ಮುಖ

“ಆಯಿ, ನಿಮಗ ಭಾಳ ಗುಣ ಆಗ್ಯಾದ್ರಿ!” ಎಂದು ಶಹಾಪುರದ ಆಸ್ಪತ್ರೆಯ ನರ್ಸಮ್ಮ ನನ್ನ ಮೊಬೈಲ್ ನೋಡಿ ಹಿಗ್ಗಿದಳು. ನಿದ್ದೆ ಬಾರದವರಿಗೆ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವವರಿಗೆ ಮೊಬೈಲಿನಲ್ಲೇ ಪಾಠ ಹೇಳಿ ಗುಣಪಡಿಸಬಹುದೇ ಎಂದು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು; ನಾನೂ ಅದಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಮೊಬೈಲ್ ನಿದ್ದೆ ಹೇಗಿತ್ತೆಂದು ಕೇಳುತ್ತಿತ್ತು. ನಾನು ನಗುವ ಮುಖವನ್ನೇ ಒತ್ತುತ್ತಿದ್ದೆ. ಯಾರು ಕೇಳಿದರೂ ಆರಾಮ ಎನ್ನುವುದು ನಮ್ಮ ರೂಢಿ. ನಿಜಕ್ಕೂ ನಾನು ಕಣ್ಣು ಮುಚ್ಚಿದ್ದೇ ಕಡಿಮೆ.

ಪಕ್ಕದಲ್ಲಿ ವನದುರ್ಗದ ಬಾಣಂತಿಯೊಬ್ಬಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿದ್ದವು. “ಹಂಗಾರ ನನಗ ಗುಳಿಗಿ ಬ್ಯಾಡ್ರಿ. ಈ ಆಯಿಗಿ ಕೊಟ್ಟಿದ್ದೇ ಕೊಡ್ರಿ,” ಎಂದಳು.

“ಬ್ಯಾಡ ಯವ್ವಾ, ನಾ ಸುಳ್ಳ ಒತ್ತೀನಿ. ನನಗ ನಿದ್ದಿನೇ ಬಂದಿಲ್ಲ,” ಎಂದೆ.

ನರ್ಸಮ್ಮ ಹಣೆ ಹಿಡಿದುಕೊಂಡಳು. “ಮೊಬೈಲ್ ಏನ್ ನಿಮ್ಮ ಬೀಗರೇನ್ರಿ ಆಯಿ, ಆರಾಮ ಅದೀನಿ ಅನ್ನಾಕ? ಗುಣ ಆಗಿಲ್ಲಂದ್ರ ಅದೂ ನಮಗ ಗೊತ್ತಾಗಬೇಕ್ರಿ.” ಕುಳಿತವರೆಲ್ಲ ನಕ್ಕರು. ಬಾಣಂತಿ ಮಾತ್ರ ನಗಲಿಲ್ಲ.

ಮೊಮ್ಮಕ್ಕಳೇ, ನಿಮಗೆಂದು ಇದನ್ನು ಬರೆಯುವಾಗಲೂ ನನ್ನ ತಲೆ ತಗ್ಗುತ್ತದೆ. ಮರ್ಯಾದೆಗೆಂದು ನಾನು ಹೇಳಿದ ಸುಳ್ಳನ್ನು ಆ ಹುಡುಗಿ ಔಷಧವೆಂದು ನಂಬಿದ್ದಳು.