ಸಿದ್ದಗಂಗಮ್ಮ ಬೆಳಗಿದ ತಾಮ್ರದ ಹೆಂಗಸು

ಜೆ.ಪಿ. ನಗರದ ಆಧುನಿಕ ಕಲಾ ಸಂಗ್ರಹಾಲಯದ ಕೆಲಸದವರಿಗೆ ಬೆಳಕು ಹರಿಯುವ ಹೊತ್ತಿಗೇ ದಿನ ಶುರು. ಸಿದ್ದಗಂಗಮ್ಮ ಚಪ್ಪಲಿಯನ್ನು ನಲ್ಲಿಯ ಪಕ್ಕ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ಹಿಡಿದು ಶಿಲ್ಪಗಳ ತೋಟಕ್ಕೆ ಇಳಿಯುತ್ತಾರೆ. ಕಪ್ಪು ಕಲ್ಲಿನ ದುಂಡನೆಯ ಶಿಲ್ಪಕ್ಕೆ ಒದ್ದೆ ಬಟ್ಟೆ. ಆಳೆತ್ತರದ ಕಬ್ಬಿಣದ ಬಳೆಗೆ ಒಣ ಬಟ್ಟೆ ಮಾತ್ರ. ಅದರ ತುಕ್ಕು ಬೇಕೆಂದೇ ಬಿಟ್ಟದ್ದು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ತಾಮ್ರದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಹೊಂಗೆ ಮರದ ಕೆಳಗಿನ ತಾಮ್ರದ ಹೆಂಗಸಿನ ಬಳಿ ಬಂದಾಗ ಅವರ ಕೈ ಹಿಂದೆ ಸರಿಯುತ್ತದೆ. ಮಂಡಿಯ ಮೇಲೆ ಗದ್ದವಿಟ್ಟು ಕೂತ ಆ ಹೆಂಗಸಿನ ಮೈಯೆಲ್ಲ ಪಾಚಿಯಂಥ ಹಸಿರು. ಬಲ ಭುಜದಿಂದ ಮೊಣಕೈವರೆಗೆ ಮಾತ್ರ ಹೊಸ ತಂಬಿಗೆಯ ಹಾಗೆ ಫಳಫಳ. ಹಾಗೆ ಬೆಳಗಿದ್ದು ಸಿದ್ದಗಂಗಮ್ಮ. ಅದನ್ನು ರೂಪಿಸಿದ ಕಲಾವಿದೆ ಸುನಿತಾ ಇವತ್ತು ನೋಡಲು ಬರುತ್ತಿದ್ದಾರೆ. ಸಿದ್ದಗಂಗಮ್ಮ ಈ ತೋಟದಲ್ಲಿ ಉಳಿಯಬೇಕೋ ಬೇಡವೋ ಎಂಬುದು ಅವರು ಬಂದು ಹೋದ ಮೇಲೆ ತೀರ್ಮಾನವಾಗುತ್ತದೆ.

ಅರೆಕೆರೆಯಲ್ಲಿ ಇವರದು ಒಂದು ಕೋಣೆಯ ಮನೆ. ಗಂಡ ಏಕಾಂತಯ್ಯ ಸುದ್ದಗುಂಟೆಪಾಳ್ಯದ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಇವರು ಹೊರಡುವಾಗ ಅವರು ಬರುತ್ತಾರೆ. ಸಂಸಾರದ ಮಾತೆಲ್ಲ ಹೊಸ್ತಿಲ ಮೇಲೇ ಮುಗಿಯಬೇಕು. ಈ ಕೆಲಸಕ್ಕೆ ಮುಂಚೆ ಸಿದ್ದಗಂಗಮ್ಮ ಬನಶಂಕರಿಯ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹಂಡೆ, ಕೊಳಗ, ಒಳಗೆ ಇಳಿದೇ ತಿಕ್ಕಬೇಕಾದ ಕೊಪ್ಪರಿಗೆ. ಅಡುಗೆ ಕಂಟ್ರಾಕ್ಟರುಗಳು ತಮ್ಮದೇ ಸ್ಟೀಲು ಪಾತ್ರೆ, ತಮ್ಮದೇ ಆಳು ತರಲು ಶುರುಮಾಡಿದ ಮೇಲೆ ಆ ಕೆಲಸ ಹೋಯಿತು.

“ಅಲ್ಲಿ ಯಾವಾಗ್ಲೂ ಯಾರಾದ್ರೂ ಕೂಗ್ತಾನೇ ಇರೋರು. ಏ ಗಂಗಮ್ಮ ಸೌಟು, ಏ ಗಂಗಮ್ಮ ತಟ್ಟೆ. ಇಲ್ಲಿರೋರು ಯಾರೂ ಬಾಯಿ ಬಿಡಲ್ಲ. ಅದಕ್ಕೇ ನಂಗೆ ಈ ಜಾಗ ಇಷ್ಟ,” ಎನ್ನುತ್ತಾರೆ. ಜನ ಬರುವ ಮುಂಚಿನ ಆ ಎರಡು ತಾಸು ಅವರ ತಲೆಯೊಳಗೆ ಅವರೊಬ್ಬರೇ. ಅಂಥ ಹೊತ್ತು ತಮಗೂ ಬೇಕಿತ್ತು ಎಂಬುದು ಸಿಕ್ಕ ಮೇಲಷ್ಟೇ ಅವರಿಗೆ ಗೊತ್ತಾದದ್ದು.

ಗೌರಿ ಹಬ್ಬದ ಹಿಂದಿನ ದಿನ ಮನೆಯ ಚೊಂಬು, ತಟ್ಟೆ, ದೀಪಗಳನ್ನೆಲ್ಲ ಬೆಳಗಿ, ಉಳಿದ ಹುಣಸೆಹಣ್ಣನ್ನು ಡಬ್ಬಿಗೆ ಹಾಕಿಕೊಂಡು ಕೆಲಸಕ್ಕೆ ಬಂದಿದ್ದರು. “ಕಿಲುಬು ಹಿಡ್ದಿದ್ರೆ ತಿಕ್ಕಬೇಕು, ನಂಗೊತ್ತಿರೋದು ಅಷ್ಟೇ. ಊರೆಲ್ಲ ಹಬ್ಬ ಮಾಡುತ್ತೆ, ಇವ್ಳೊಬ್ಳು ಹಿಂದೂ ಮುಂದೂ ಯಾರೂ ಇಲ್ದೋರ ಥರ ಕೂತಿದಾಳೆ ಅನ್ನಿಸ್ತು.” ಮೊಣಕೈವರೆಗೆ ಬರುವಷ್ಟರಲ್ಲಿ ಮ್ಯಾನೇಜರ್ ಅನಂತರಾಮು ಓಡಿ ಬಂದಿದ್ದರು.

ಹತ್ತು ಗಂಟೆಗೆ ಅನಂತರಾಮು ಜೊತೆ ಸುನಿತಾ ಬರುತ್ತಾರೆ. ಶಿಲ್ಪಕ್ಕೆ ಒಂದು ಸುತ್ತು ಹಾಕಿ, ಹೊಳೆಯುವ ಭುಜವನ್ನು ಬೆರಳ ತುದಿಯಿಂದ ಮುಟ್ಟುತ್ತಾರೆ.

“ಏನ್ ಹಾಕಿ ತಿಕ್ಕಿದ್ರಿ?”

“ಹುಣಸೇಹಣ್ಣು, ಉಪ್ಪು, ತೆಂಗಿನ ನಾರು, ಮೇಡಂ.”

“ಈ ಹಸಿರು ಕೂರೋಕೆ ಹದಿನೈದು ವರ್ಷ ಬೇಕಾಯ್ತು.”

“ಗೊತ್ತಿರ್ಲಿಲ್ಲ. ತಪ್ಪಾಯ್ತು.”

“ನಂಗೆ ಬೇಜಾರಾಗಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ.” ಹೊಳಪು ನಿಂತ ಮೊಣಕೈ ತೋರಿಸಿ ಕೇಳುತ್ತಾರೆ, “ಅರ್ಧಕ್ಕೆ ಯಾಕೆ ನಿಲ್ಲಿಸಿದ್ರಿ?”

ಸಿದ್ದಗಂಗಮ್ಮ ಗದ್ದದಲ್ಲೇ ಅನಂತರಾಮು ಅವರತ್ತ ತೋರಿಸುತ್ತಾರೆ. “ಸಾರ್ ಕೂಗಿದ್ರು. ಇಲ್ದಿದ್ರೆ ಮುಖಾನೂ ತೊಳೆದಿರ್ತಿದ್ದೆ.”

ಸುನಿತಾ ಅವರಿಗೆ ನಗು ಬರುತ್ತದೆ. ಅನಂತರಾಮು ನಗುವುದಿಲ್ಲ. “ಕೆಮಿಕಲ್ ಹಚ್ಚಿದ್ರೆ ಎರಡೇ ದಿನಕ್ಕೆ ಹಸಿರಾಗುತ್ತಂತೆ ಮೇಡಂ, ನೋಡಿದೋರಿಗೆ ಗೊತ್ತೇ ಆಗಲ್ಲ,” ಎನ್ನುತ್ತಾರೆ.

“ಬೇಡ ಅನಂತರಾಮು. ಮಳೆ ಗಾಳಿಗೆ ತಾನಾಗೇ ಬರ್ಲಿ. ಅಲ್ಲೀವರ್ಗೂ ಇವ್ರು ಇದನ್ನ ಮುಟ್ಟಬಾರ್ದು. ಬೇರೆ ಯಾರೂ ಮುಟ್ಟದ ಹಾಗೂ ಇವ್ರೇ ನೋಡ್ಕೊಳ್ಳಲಿ.”

ಅಲ್ಲಿಗೆ ಸಿದ್ದಗಂಗಮ್ಮ ತೋಟದಲ್ಲಿ ಉಳಿಯುತ್ತಾರೆ. ಸುನಿತಾ ಹೋದ ಮೇಲೆ ನಲ್ಲಿಯ ಬಳಿ ಕೂತು ಎರಡು ಲೋಟ ನೀರು ಕುಡಿಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಜನ ಸೇರುತ್ತಾರೆ. ಕಾಲೇಜು ಹುಡುಗನೊಬ್ಬ ಫೋಟೋಗೆಂದು ಆ ಭುಜದ ಮೇಲೆ ಕೈ ಹಾಕುತ್ತಾನೆ.

“ಅಣ್ಣ, ಕೈ ತೆಗೀರಿ.”

“ಆಂಟಿ, ಇದೊಂದೇ ಪಾಲಿಶ್ ಆಗಿರೋದು. ಸಖತ್ತಾಗಿದೆ.”

“ಆಗ್ಬಾರ್ದಿತ್ತು ಕಣಪ್ಪ. ಆಗೋಗಿದೆ. ಕೈ ತೆಗಿ.”

ಸ್ವಲ್ಪ ಹೊತ್ತಿಗೆ ಮೈನಾ ಹಕ್ಕಿಯೊಂದು ಅದೇ ಭುಜದ ಮೇಲೆ ಹಿಕ್ಕೆ ಹಾಕುತ್ತದೆ. ಒದ್ದೆ ಬಟ್ಟೆ ಹಿಡಿದು ಎರಡು ಹೆಜ್ಜೆ ಹೋದ ಸಿದ್ದಗಂಗಮ್ಮ ಅಲ್ಲೇ ನಿಲ್ಲುತ್ತಾರೆ. ಇದನ್ನಾದರೂ ಒರೆಸಬಹುದೇ ಎಂದು ಕೇಳಲು ಮರೆತಿದ್ದಾರೆ.

“ಕೈ ಕಟ್ಕೊಂಡು ನಿಂತ್ಕೊಳ್ಳೋ ಕೆಲ್ಸಾನ ನಂಗೆ ಈವರ್ಗೂ ಯಾರೂ ಕೊಟ್ಟಿರ್ಲಿಲ್ಲ,” ಎನ್ನುತ್ತಾರೆ. “ಪಾತ್ರೆ ತೊಳೆಯೋದೇ ವಾಸಿ.”

ಅವರಿಗೀಗ ಐವತ್ತೆರಡು. ಆ ಭುಜ ಮತ್ತೆ ಮೊದಲಿನಂತಾಗುವಾಗ ಅರವತ್ತೇಳು ತುಂಬಿರುತ್ತದೆ. ಅಲ್ಲಿಯವರೆಗೆ ಇಲ್ಲೇ ಇರುವ ಆಸೆಯೇ ಎಂದರೆ ಬಟ್ಟೆ ಹಿಂಡುತ್ತಲೇ ಉತ್ತರ ಕೊಡುತ್ತಾರೆ:

“ಇಟ್ಕೊಂಡ್ರೆ ಇರ್ತೀನಿ. ಬಿಡಿಸಿದ್ರೆ ಟಿಕೆಟ್ ತಗೊಂಡಾದ್ರೂ ಬಂದು ನೋಡ್ಕೊಂಡು ಹೋಗ್ತೀನಿ.”