ನಾಟಕದಕ್ಕನಿಗೆ ಹೇಳದೆ ಬಿಟ್ಟದ್ದು

ಮೊನ್ನೆ ಮೊಮ್ಮಗಳು ಶಾಲೆಯ ನಾಟಕ ಮುಗಿಸಿ ಬಣ್ಣದ ಮುಖದಲ್ಲೇ ಮನೆಗೆ ಬಂದಳು. "ಅಜ್ಜಾ, ಇದು ಹೋಗ್ತಾನೇ ಇಲ್ಲ, ಒರ್ಸಿ ಕೊಡು" ಎಂದು ನನ್ನ ಕುರ್ಚಿಯ ಮುಂದೆ ಮುಖ ಚಾಚಿ ಕೂತಳು. ಅವರಿಗೆ ನಾಟಕ ಕಲಿಸಿದ ಮೇಷ್ಟ್ರು ಹಳೇ ಕಾಲದವರಂತೆ. ಅಂಗಡಿಯ ಬಣ್ಣ ಮುಟ್ಟದೆ, ಸಫೇದದ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರಂತೆ. ಹತ್ತಿಗೆ ಎಣ್ಣೆ ಅದ್ದಿ ಅವಳ ಕೆನ್ನೆಗೆ ಇಟ್ಟೆ ನೋಡಿ, ಆ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತುಬಿಟ್ಟಿತು. "ಎಂತ ಅಜ್ಜ, ಬೇಗ!" ಎಂದು ಅವಳು ಗದರಿದ ಮೇಲೆ ಒರೆಸಿದೆ.

ಐವತ್ತು ವರ್ಷಕ್ಕೂ ಹಿಂದೆ ಇದೇ ವಾಸನೆಯ ಎದುರಿಗೆ ನಿಂತು ನಾನೊಂದು ತಪ್ಪು ಮಾಡಿದ್ದೆ. ಅದನ್ನು ಮುಚ್ಚಿಡಲು ಹೋಗಿ ಇನ್ನೊಂದು ಮಾಡಿದೆ. ಮೊದಲನೆಯದು ಹುಡುಗಾಟಿಕೆ ಎಂದು ಬಿಡಬಹುದು. ಎರಡನೆಯದಕ್ಕೆ ಆ ಹೆಸರು ಕೊಡಲು ಈಗಲೂ ಮನಸ್ಸು ಬರುವುದಿಲ್ಲ.

ಆಗ ನಾನು ಹೊಸನಗರದ ಶಾಲೆಯೊಂದರಲ್ಲಿ ಮೇಷ್ಟ್ರು. ಇಪ್ಪತ್ಮೂರು ವಯಸ್ಸು, ಕೆಲಸ ಕಾಯಂ ಆಗಿರಲಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಶಾಲೆಯ ಕಾಗದಪತ್ರ ಬರೆಯುವುದೂ ವಾರ್ಷಿಕೋತ್ಸವದ ನಾಟಕಕ್ಕೆ ಪ್ರಾಂಪ್ಟರ್ ಆಗುವುದೂ ನನ್ನ ತಲೆಗೆ ಬಿದ್ದಿದ್ದವು. ನಾಟಕದ ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿಕೊಂಡು, ಪರದೆಯ ಪಕ್ಕದ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುಗುಟ್ಟುವುದು ಪ್ರಾಂಪ್ಟರನ ಕೆಲಸ. ಚಪ್ಪಾಳೆ ಅವನಿಗಿಲ್ಲ, ಬೈಗುಳ ಮಾತ್ರ ಪೂರ್ತಿ ಅವನದೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಅಂದು ಮೇಷ್ಟ್ರುಗಳು, ಗುಮಾಸ್ತರು, ಅಂಗಡಿಯವರು ಸೇರಿ ನಾಟಕ ಆಡುತ್ತಿದ್ದರು. ಗಂಡು ಪಾತ್ರಕ್ಕೆ ಊರಿನಲ್ಲಿ ನೂಕುನುಗ್ಗಲು. ಹೆಣ್ಣು ಪಾತ್ರಕ್ಕೆ ಮಾತ್ರ ಸಾಗರದಿಂದ ಒಬ್ಬರು ಬರಬೇಕಿತ್ತು. ಹಿಂದೆ ಒಂದು ನಾಟಕ ಕಂಪನಿಯಲ್ಲಿದ್ದು, ಅದು ಮುಚ್ಚಿದ ಮೇಲೆ ತಾಯಿಯ ಜೊತೆ ಸಾಗರದಲ್ಲೇ ಉಳಿದಿದ್ದವರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಮ್ಮ ಶಾಲೆಯ ಮಕ್ಕಳು ಅವರನ್ನು ನಾಟಕದಕ್ಕ ಎನ್ನುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು.

ಮೂರೂ ಊರಿನವರಿಗೆ ಒಂದೇ ನಾಟಕದ ಹುಚ್ಚು. ಗಂಡನ ಮನೆಯಲ್ಲಿ ನೊಂದ ಹೆಣ್ಣು ತವರಿನ ದಾರಿ ಕಾಯುತ್ತಾಳೆ, ಕೊನೆಯಲ್ಲಿ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ಆದರೆ ಒಂದೊಂದು ಊರಿನವರು ಅದನ್ನು ತಮಗೆ ಬೇಕಾದಂತೆ ಕತ್ತರಿಸಿಕೊಂಡಿದ್ದರು. ಒಬ್ಬರಿಗೆ ಹಾಡು ಬೇಡ, ಇನ್ನೊಬ್ಬರಿಗೆ ಹಾಸ್ಯ ಬೇಡ. ಹಾಗಾಗಿ ನಾಟಕದಕ್ಕ ಬಸ್ಸಿಳಿದ ಕೂಡಲೇ ಪ್ರಾಂಪ್ಟರ್ ಪುಸ್ತಕ ಹಿಡಿದು ಹೋಗಿ, ಇಲ್ಲಿಂದ ಇಲ್ಲಿಗೆ ಕಟ್, ಇಲ್ಲಿಂದ ಇಲ್ಲಿಗೆ ಕಟ್ ಎಂದು ಅವರಿಗೆ ಒಪ್ಪಿಸಬೇಕು. ಅದು ಮುಗಿಯದೆ ಇಬ್ಬರಿಗೂ ಕಾಫಿಯಿಲ್ಲ ಎಂಬುದು ವಾಡಿಕೆ.

ಆ ವರ್ಷ ನಮ್ಮ ಕಟ್ ದೊಡ್ಡದಿತ್ತು. ಅಣ್ಣನ ಪಾತ್ರ ಮಾಡಬೇಕಿದ್ದವರು ನಮ್ಮದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಶರಾವತಿಯ ಅಣೆಕಟ್ಟಿನ ನೀರು ಅವರ ಊರನ್ನೂ ತೆಗೆದುಕೊಳ್ಳುವುದು ಖಾತ್ರಿಯಾಗಿ, ನಾಟಕಕ್ಕೆ ಹತ್ತು ದಿನ ಇರುವಾಗ ಅವರು ಸಂಸಾರ, ಸಾಮಾನು ಸಮೇತ ಊರು ಬಿಟ್ಟರು. ಇಡೀ ಪೇಟೆಗೆ ಬೇಕಾದ ಮನುಷ್ಯ... ಹೋಗುವಾಗ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಬೇರೆಯವರಿಗೆ ಪಾತ್ರ ಕಲಿಸಲು ಹೊತ್ತಿರಲಿಲ್ಲ. ನಾನು ಕೊನೆಯ ದೃಶ್ಯದ ಮೂರು ಪುಟಕ್ಕೆ ಕೆಂಪು ಗೆರೆ ಎಳೆದು, ಮಾವನೇ ಮನಸ್ಸು ಬದಲಿಸುವ ಹಾಗೆ ನಾಲ್ಕು ಸಾಲು ಸೇರಿಸಿದೆ.

ನಾಟಕ ಮಧ್ಯಾಹ್ನ ಮೂರಕ್ಕೆ. ಹಳ್ಳಿಯವರು ಕೊನೆಯ ಬಸ್ಸಿಗೆ ವಾಪಸು ಹೋಗಬೇಕಲ್ಲ. ದಾರಿಯುದ್ದಕ್ಕೂ ಮುಳುಗಡೆಯವರ ಸಾಮಾನು ಹೊತ್ತ ಲಾರಿಗಳಿದ್ದು, ಸಾಗರದ ಬಸ್ಸು ಎರಡೂಕಾಲಿಗೆ ಬಂತು. ನಾಟಕದಕ್ಕ ನೇರ ಸಾಮಾನಿನ ಕೋಣೆಗೆ ಹೋಗಿ ಬಣ್ಣ ಕಲಸಲು ಕೂತರು. ನಾನು ಬಾಗಿಲಲ್ಲಿ ನಿಂತು ಕಟ್ ಓದತೊಡಗಿದೆ.

"ಅಲ್ಲಿಂದ ಎಂತ ಕೇಳುತ್ತೆ ಮಾಷ್ಟ್ರೇ? ಒಳಗೆ ಬನ್ನಿ. ಹಾಗೇ ಈ ಕನ್ನಡಿ ಸ್ವಲ್ಪ ಹಿಡೀರಿ" ಎಂದರು.

ಒಂದು ಕೈಯಲ್ಲಿ ಕನ್ನಡಿ, ಒಂದು ಕೈಯಲ್ಲಿ ಪುಸ್ತಕ. ಮನೆಯ ಹೆಂಗಸರನ್ನು ಬಿಟ್ಟರೆ ಯಾವ ಹೆಂಗಸಿನ ಹತ್ತಿರವೂ ಅಷ್ಟು ಸಮೀಪ ನಿಂತವನಲ್ಲ ನಾನು. ಎಣ್ಣೆ, ಸಫೇದದ ಆ ವಾಸನೆ ತಲೆಗೆ ಏರಿತ್ತು. ಅವರು ಹುಬ್ಬು ತೀಡುತ್ತಾ, ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಸಾಗರದಲ್ಲಿ ಹೊಸ ಕಂಪನಿಯೊಂದು ಟೆಂಟು ಹಾಕಿದೆ. ನಾಯಕಿ ಬೇಕಾಗಿದೆ. ಅದರ ಯಜಮಾನರಿಗೆ ನಮ್ಮ ದೊಡ್ಡ ಮೇಷ್ಟ್ರು ಹಳೆಯ ಸ್ನೇಹಿತರು.

"ಇವತ್ತು ಚೆಂದ ಆದ್ರೆ ಒಂದು ಕಾರ್ಡು ಹಾಕ್ತೀನಿ ಅಂದಿದಾರೆ. ಕಂಪನಿ ಸೇರಿದ್ರೆ ಅಮ್ಮನ್ನ ಕರ್ಕೊಂಡು ಒಂದು ಕಡೆ ನೆಮ್ಮದಿಯಾಗಿ ಇರಬಹುದು. ಮುಗೀತಾ ಕಟ್ಟು?"

"ಮುಗೀತು" ಎಂದೆ. ಕೊನೆಯ ಮೂರು ಪುಟ ನಾನು ತಿರುವಿಯೇ ಇರಲಿಲ್ಲ. ಕನ್ನಡಿ ನೋಡುತ್ತಿದ್ದೆ, ನಿಜ ಹೇಳಬೇಕೆಂದರೆ ಕನ್ನಡಿಯೊಳಗಿನ ಮುಖವನ್ನು.

ಮುಳುಗಡೆ ಜಮೀನಿನ ಕೆಲಸ ನೋಡುತ್ತಿದ್ದ ಅಧಿಕಾರಿಯೊಬ್ಬರು ಅಂದಿನ ಮುಖ್ಯ ಅತಿಥಿ. ಶಾಲೆಗೆ ಎರಡು ಕೋಣೆ ಮಂಜೂರು ಮಾಡಿಸಿಕೊಡುವ ಮಾತು ಕೊಟ್ಟಿದ್ದರು. ನಾಟಕ ಸೊಗಸಾಗಿ ಸಾಗಿ ಕೊನೆಯ ದೃಶ್ಯಕ್ಕೆ ಬಂತು. ನಾಟಕದಕ್ಕ ಇದ್ದಕ್ಕಿದ್ದಂತೆ ಬಲಗಡೆಗೆ ತಿರುಗಿ, ಎರಡೂ ಕೈ ಚಾಚಿ, "ಅಣ್ಣಾ! ಬಂದೆಯಾ?" ಎಂದರು. ಬಲಗಡೆಯ ಮರೆಯಲ್ಲಿ ನಿಂತಿದ್ದವನು ನಾನು. ತಿರುವದೆ ಬಿಟ್ಟ ಮೂರು ಪುಟ ಆಗ ನೆನಪಾಯಿತು. ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ.

ಅವರು ಕಾದರು. ಕೈ ಚಾಚಿಕೊಂಡೇ ಇದ್ದರು. ಜನರ ನಡುವಿನಿಂದ ಒಬ್ಬ ಮುದುಕಿಯ ದನಿ ಬಂತು. "ಮಾಷ್ಟ್ರು ಊರು ಬಿಟ್ಟು ಹೋದ್ರಲ್ಲ ಮಾರಾಯ್ತಿ... ಎಲ್ಲಿಂದ ಬರ್ತಾರೆ?"

ಒಂದು ಗಳಿಗೆ. ಆಮೇಲೆ ಅವರು ಕೈ ಇಳಿಸಿ, ನನ್ನನ್ನೇ ನೋಡುತ್ತಾ, ಮೆಲ್ಲಗೆ, "ಹೋದನೇ? ತಂಗಿಗೆ ಒಂದು ಮಾತು ಹೇಳದೆ ಹೋದನೇ?" ಎಂದು ಹೊಸಿಲಲ್ಲಿ ಕುಸಿದು ಕೂತರು. ಪುಸ್ತಕದಲ್ಲಿ ಆ ಮಾತಿಲ್ಲ. ಮುಳುಗಡೆಯ ಮನೆಗಳಿಂದ ಬಂದಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಗಂಡಸರೂ ಅತ್ತರು. ನಾನು ನೋಡಿದ ನಾಟಕಗಳಲ್ಲಿ ಅಂಥ ಗಳಿಗೆ ಮತ್ತೆ ಬರಲಿಲ್ಲ. ಅಧಿಕಾರಿಗಳು ಮಾತ್ರ ಮುಖ ಗಂಟು ಹಾಕಿಕೊಂಡು, ಕಾಫಿ ಕುಡಿಯದೆ ಜೀಪು ಹತ್ತಿದರು. ತಮ್ಮನ್ನು ಹಂಗಿಸಲೆಂದೇ ಆ ಮಾತು ಸೇರಿಸಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು.

ದೊಡ್ಡ ಮೇಷ್ಟ್ರು ಕೆಂಪಗಾಗಿ ಕೋಣೆಗೆ ಬಂದರು. "ಅದನ್ನು ಹೇಳಿಕೊಟ್ಟದ್ದು ಯಾರು?" ನಾಟಕದಕ್ಕ ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಕಾಯಂ ಆಗದ ಕೆಲಸ, ಮನೆಯಲ್ಲಿ ಅಪ್ಪ ಅಮ್ಮ... ನೆಪಗಳಿಗೆ ಬರವೇ?

"ನಂದೇ ತಪ್ಪು ಸಾರ್. ಬೇರೆ ಊರಿನ ಮಾತು ಬಾಯಿಗೆ ಬಂದ್ಬಿಡ್ತು" ಎಂದರು ಅವರು. ಕೆನ್ನೆಯ ಬಣ್ಣ ಪೂರ್ತಿ ಒರೆಸಿಕೊಳ್ಳದೆ ಸಾಗರದ ಬಸ್ಸು ಹತ್ತಿದರು.

ಮರುದಿನ ದೊಡ್ಡ ಮೇಷ್ಟ್ರು ನನ್ನನ್ನು ಕರೆದು ಎರಡು ಕಾರ್ಡು ಬರೆಸಿದರು. ಒಂದು ಸಾಗರದ ಕಂಪನಿಯ ಯಜಮಾನರಿಗೆ, ಇನ್ನೊಂದು ತೀರ್ಥಹಳ್ಳಿಯ ತಂಡಕ್ಕೆ. ಈಕೆಯ ಬಾಯಿಪಾಠ ನೆಚ್ಚುವಂತಿಲ್ಲ, ಇಲ್ಲದ ಮಾತು ಸೇರಿಸಿ ಆಡಿಸಿದವರಿಗೆ ಕೆಟ್ಟ ಹೆಸರು ತರುತ್ತಾಳೆ. ಅವರು ಹೇಳುತ್ತಾ ಹೋದರು, ನಾನು ದುಂಡಗೆ ಬರೆಯುತ್ತಾ ಹೋದೆ. ಅಂಚೆ ಡಬ್ಬಿಗೆ ಹಾಕಿದವನೂ ನಾನೇ.

ಆ ಭಾನುವಾರ ತೀರ್ಥಹಳ್ಳಿಗೆ ಹೋದೆ. ಅಲ್ಲಿಯವರ ಕೈಕಾಲು ಹಿಡಿದಾದರೂ ನಿಜ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಅಷ್ಟರಲ್ಲಿ ಶಿವಮೊಗ್ಗದಿಂದ ಬೇರೊಬ್ಬರನ್ನು ಗೊತ್ತು ಮಾಡಿಕೊಂಡಿದ್ದರು. ನಾನು ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ವಾಪಸು ಬಂದೆ. ಅಷ್ಟೇ ನನ್ನ ಶೌರ್ಯ. ತಿಂಗಳ ಮೇಲೆ ಸಾಗರದಲ್ಲಿ ವಿಚಾರಿಸಿದಾಗ, ತಾಯಿ ಮಗಳು ರೈಲು ಹತ್ತಿ ಹೋದರು, ಎಲ್ಲಿಗೋ ತಿಳಿಯದು ಎಂದರು. ನನ್ನ ಕೆಲಸ ಆ ವರ್ಷವೇ ಕಾಯಂ ಆಯಿತು.

ಇಪ್ಪತ್ತು ವರ್ಷಕ್ಕೂ ಮೇಲೆ ಕಳೆಯಿತು. ಯಾವ ನಾಟಕ ನೋಡಲು ಕೂತರೂ, ಒಂದು ಜೀವವನ್ನು ಬೀದಿಗೆ ಹಾಕಿದವನು ನೀನು ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಹೆಂಡತಿಗೂ ಹೇಳಿರಲಿಲ್ಲ. ಊರಿಗೆ ಟೀವಿ ಬಂದ ಹೊಸತು, ಒಂದು ಸಂಜೆ ಪಕ್ಕದ ಮನೆಯಲ್ಲಿ ಧಾರಾವಾಹಿ ನೋಡುತ್ತಿದ್ದೆವು. ಆಂಟೆನಾ ಎಷ್ಟು ತಿರುಗಿಸಿದರೂ ಚಿತ್ರ ಕಾಳು ಕಾಳು. ಆ ಕಾಳುಗಳ ನಡುವೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು, ಬಲಗಡೆಗೆ ತಿರುಗಿ, ಬಾರದ ಮಗನಿಗಾಗಿ ಎರಡೂ ಕೈ ಚಾಚಿದರು. ಆ ಕೈ ಇಳಿಸಿದ ರೀತಿಯಲ್ಲೇ ಅದು ನಾಟಕದಕ್ಕ ಎಂದು ನನಗೆ ಗೊತ್ತಾಯಿತು.

"ಎಂತಕ್ಕೆ ಅಳ್ತೀರಿ? ಅದು ನಾಟಕ ಅಲ್ವಾ?" ಎಂದಳು ಹೆಂಡತಿ. ಅಂದು ಅವಳಿಗೆ ಎಲ್ಲ ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋದಂತಾಯಿತು. ಬದುಕಿದ್ದಾರೆ, ಬಣ್ಣ ಹಚ್ಚಿದ್ದಾರೆ, ಜನ ನೋಡುತ್ತಿದ್ದಾರೆ!

ಆಮೇಲೆ ಅವರದೇ ಕಾಲ. ಅತ್ತೆಯಾಗಿ, ಅಜ್ಜಿಯಾಗಿ ಮನೆಮನೆಗೆ ಬೇಕಾದವರಾದರು. ಅವರ ಧಾರಾವಾಹಿಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಒಮ್ಮೆ ಟೀವಿಯಲ್ಲೇ ಅವರ ಸಂದರ್ಶನ ಬಂತು. ನಾಟಕದವರು ಕ್ಯಾಮೆರಾದ ಎದುರು ತಡವರಿಸುತ್ತಾರಲ್ಲ, ನಿಮಗೆ ಹೇಗೆ ಒಗ್ಗಿತು ಎಂದು ಕೇಳಿದರು. ಅವರು ನಕ್ಕರು.

"ಮುಖ ಮಾತ್ರ ಹತ್ತಿರದಿಂದ ತೆಗೆಯುವಾಗ ಎದುರಿಗೆ ನಟರು ಇರೋದಿಲ್ಲ. ಖಾಲಿ ಜಾಗ ನೋಡಿ ಅಳಬೇಕು. ಅದು ನಂಗೆ ಹೊಸನಗರದಲ್ಲೇ ಅಭ್ಯಾಸ ಆಗಿತ್ತು. ಅಲ್ಲೊಬ್ಬ ಪ್ರಾಂಪ್ಟರ್ ಮಾಷ್ಟ್ರು ಕಟ್ಟು ಹೇಳೋಕೆ ಮರೆತು, ಬಾಯಿ ತೆರ್ಕೊಂಡು ನಿಂತಿದ್ರು. ಖಾಲಿ ಜಾಗ ನೋಡುವಾಗೆಲ್ಲ ಅವರನ್ನೇ ನಿಲ್ಲಿಸ್ಕೊಳ್ತೀನಿ. ನಾನು ಅತ್ತಿದ್ದೆಲ್ಲ ಅವರ ಮುಖ ನೋಡಿಯೇ."

ಕೂತಲ್ಲೇ ನಕ್ಕೆ, ಕಣ್ಣಲ್ಲಿ ನೀರು ಬಂತು. ಕೋಣೆಯಲ್ಲಿ ನೆಲ ನೋಡಿ ನಿಂತವನ ಸುದ್ದಿ ಅವರು ಎತ್ತಲೇ ಇಲ್ಲ. ಮರುದಿನ ಕಾಗದ ಬರೆದೆ. ಕಟ್, ಮೌನ, ಎರಡು ಕಾರ್ಡು, ಒಂದನ್ನೂ ಬಿಡಲಿಲ್ಲ. ಕೆಳಗೆ ಮನೆಯ ಫೋನ್ ನಂಬರು ಹಾಕಿ ಟೀವಿಯವರ ವಿಳಾಸಕ್ಕೆ ಕಳಿಸಿದೆ. ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

"ಎಂತ ಮಾಷ್ಟ್ರೇ, ಇನ್ನೂ ಅದನ್ನ ಹೊತ್ಕೊಂಡು ಕೂತಿದ್ದೀರಾ? ಇಳಿಸಿ ಅತ್ಲಾಗೆ."

ಕಾರ್ಡು ಬರೆದದ್ದು ನಾನೇ ಎಂದು ಮತ್ತೆ ಹೇಳತೊಡಗಿದೆ. ಅವರು ತಡೆದರು. "ಗೊತ್ತು. ಸಾಗರದ ಯಜಮಾನರು ಆ ಕಾರ್ಡನ್ನ ನಂಗೆ ತೋರಿಸಿದ್ರು. ನೀವು ಕನ್ನಡಿ ಹಿಡ್ದು ನಿಂತಾಗ ಪುಸ್ತಕದಲ್ಲಿ ಅದೇ ಅಕ್ಷರ ನೋಡಿದ್ನಲ್ಲ. ಎಷ್ಟು ಚೆಂದ ಬರೀತಿದ್ರಿ ನೀವು!"

ಆ ನಡುವಿನ ವರ್ಷಗಳು ಹೇಗಿದ್ದವು ಎಂದು ಕೇಳಿದೆ. "ಚೆನ್ನಾಗಿರ್ಲಿಲ್ಲ. ಸುಳ್ಳು ಹೇಳಲ್ಲ. ಅಮ್ಮ ಈ ಟೀವಿ ಎಲ್ಲ ನೋಡ್ಲಿಲ್ಲ... ಆದ್ರೆ ಮುಗೀತಲ್ಲ. ಒಂದು ಸಲ ಮನೆಗೆ ಬನ್ನಿ, ಕಾಫಿ ಕೊಡ್ತೀನಿ. ಈಗಂತೂ ಕಟ್ಟು ಪೂರ್ತಿ ಒಪ್ಪಿಸಿ ಆಯ್ತು."

ನಾನು ಹೋಗಲಿಲ್ಲ. ಮುಂದಿನ ತಿಂಗಳು, ಈ ಮಳೆ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತಲೇ ವರ್ಷಗಳು ಹೋದವು. ಹೋದ ವರ್ಷ ಪೇಪರಿನಲ್ಲಿ ಅವರ ಚಿತ್ರ ಬಂತು, ಕೆಳಗೆ ತೀರಿಹೋದ ಸುದ್ದಿಯ ನಾಲ್ಕು ಸಾಲು. ಆ ಕಾಫಿ ಹಾಗೇ ಉಳಿಯಿತು. ಅದಕ್ಕೆ ದುಃಖವಿದೆ, ಆದರೆ ಎದೆಯ ಮೇಲಿನ ಆ ಹಳೆಯ ಭಾರವಿಲ್ಲ. ಅದನ್ನು ಅವರೇ ಇಳಿಸಿಟ್ಟು ಹೋದರು.

ಅವರ ಹಳೆಯ ಧಾರಾವಾಹಿಯನ್ನು ಈಗ ಮತ್ತೆ ಹಾಕುತ್ತಿದ್ದಾರೆ. ಮೊನ್ನೆ ಮೊಮ್ಮಗಳ ಮುಖ ಒರೆಸಿ, ಕೈಗೆ ಅಂಟಿದ ಆ ವಾಸನೆಯನ್ನು ತೊಳೆಯದೆ ಟೀವಿಯ ಮುಂದೆ ಕೂತೆ. ಅವರು ಬಾಗಿಲಿಗೆ ಬಂದರು, ಬಲಗಡೆಗೆ ತಿರುಗಿದರು, ಖಾಲಿ ಜಾಗದಲ್ಲಿ ನಿಂತ ನನ್ನನ್ನು ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡರು. ಈ ಸಲ ನಾನು ಸುಮ್ಮನಿರಲಿಲ್ಲ. ಪಕ್ಕದಲ್ಲಿದ್ದವರಿಗೆ ಕೇಳಿಸದ ಹಾಗೆ, ಪ್ರಾಂಪ್ಟರನ ದನಿಯಲ್ಲಿ, "ಇಲ್ಲಿಂದ ಮೂರು ಪುಟ ಕಟ್ ಇದೆ ಅಕ್ಕ, ಅಣ್ಣ ಬರೋದಿಲ್ಲ" ಎಂದೆ.